ಜನವರಿಯ ಮಗ, ಡಿಸೆಂಬರಿನ ಮಗಳು

ಮಗನ ಫೋನು ಬಂದಾಗ ಅನಸೂಯ ಹೋಟೆಲಿನ ಅಡುಗೆಮನೆಯಲ್ಲಿ ಸಾಂಬಾರಿನ ಉಪ್ಪು ನೋಡುತ್ತಿದ್ದಳು. ಹದಿನಾರು ದಾಟಿದ ಯತಿರಾಜ್ ಛತ್ರಪತಿ ಸಂಭಾಜಿನಗರದ ಕ್ರೀಡಾ ಹಾಸ್ಟೆಲಿನಲ್ಲಿದ್ದ. ಭಾನುವಾರ ಬಿಟ್ಟು ಬೇರೆ ದಿನ ಫೋನು ಮಾಡುವವನಲ್ಲ. ಅವತ್ತು ಬುಧವಾರ. ಪರದೆಯ ಮೇಲೆ ಅವನ ಹೆಸರು ಕಂಡ ಕೂಡಲೇ ಅವಳು ಉರಿ ತಗ್ಗಿಸಿ ಫೋನು ಎತ್ತಿದಳು.

"ಅಮ್ಮಾ, ಶನಿವಾರ ಟೆಸ್ಟ್ ಉಂಟು. ನೀನು ಬರ್ತೀಯಾ?"

"ಎಂತ ಟೆಸ್ಟ್? ಪ್ರತಿ ವರ್ಷ ಆಗುದಲ್ವಾ?"

"ಹೌದು. ಈ ಸಲ ಕೆಲವರನ್ನು ಮನೆಗೆ ಕಳಿಸ್ತಾರಂತೆ." ಅವನು ದನಿ ತಗ್ಗಿಸಿದ. "ಪಪ್ಪನಿಗೆ ಹೇಳ್ಬೇಡ. ನೀನು ಒಬ್ಳೇ ಬಾ."

ಫೋನು ಇಟ್ಟ ಮೇಲೆ ಅವಳು ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು ನೆನಪಾಗದೆ ಮತ್ತೊಮ್ಮೆ ರುಚಿ ನೋಡಿದಳು. ಹೊರಗೆ ಗಲ್ಲಾದಲ್ಲಿ ಗಂಡ ದೇವದಾಸ ಯಾರೊಂದಿಗೋ ಜೋರಾಗಿ ಮಾತಾಡುತ್ತಿದ್ದ. ಮಾತು ಯಾವುದರ ಬಗ್ಗೆ ಎಂಬುದು ಅವಳಿಗೆ ಕೇಳದೆಯೇ ಗೊತ್ತಿತ್ತು.

ಕಾರ್ಕಳದ ಕಡೆಯಿಂದ ಹುಡುಗನಾಗಿದ್ದಾಗ ನಾಸಿಕಕ್ಕೆ ಬಂದ ದೇವದಾಸ ಸೋದರಮಾವನ ಹೋಟೆಲಿನಲ್ಲಿ ತಟ್ಟೆ ಎತ್ತಿ, ಆಮೇಲೆ ಮುಂಬೈ ನಾಕಾದ ಹತ್ತಿರ ಸ್ವಂತ ಹೋಟೆಲು ಮಾಡಿದವನು. ಗಲ್ಲಾದ ಮೇಲಿನ ಗೋಡೆಯಲ್ಲಿ ಉಡುಪಿ ಕೃಷ್ಣನ ಪಟದ ಪಕ್ಕದಲ್ಲೇ ಮಗನ ದೊಡ್ಡ ಫೋಟೋ ಇತ್ತು. ಹದಿಮೂರರ ಯತಿರಾಜ್ ಗೆರೆ ದಾಟಿ, ಉಳಿದವರು ಎಲ್ಲಿದ್ದಾರೆಂದು ಹಿಂತಿರುಗಿ ನೋಡುತ್ತಿರುವ ಫೋಟೋ. ಇಡ್ಲಿ ತಿಂದು ಕೈತೊಳೆದು ಬಂದವರು ದುಡ್ಡು ಕೊಡುವಾಗ ಅದನ್ನು ನೋಡುತ್ತಿದ್ದರು. "ತುಮಚಾ ಮುಲಗಾ?" ನಿಮ್ಮ ಮಗನಾ ಎಂದು ಕೇಳುತ್ತಿದ್ದರು. ಆ ಪ್ರಶ್ನೆಗಾಗಿಯೇ ಫೋಟೋ ಅಲ್ಲಿತ್ತು.

ಯತಿರಾಜ್ ಹುಟ್ಟಿದ್ದು ಜನವರಿಯ ಮೊದಲ ವಾರದಲ್ಲಿ. ತನ್ನ ತರಗತಿಯ ಎಲ್ಲರಿಗಿಂತ ಒಂದು ತಲೆ ಎತ್ತರ ಇದ್ದ. ಉಳಿದ ಹುಡುಗರ ದನಿ ಒಡೆಯುವ ಮೊದಲೇ ಅವನಿಗೆ ಮೀಸೆಯ ನೆರಳು ಬಂದಿತ್ತು. ಬೆಳಗಿನ ಹೊತ್ತು ಮೈದಾನದಲ್ಲಿ ಮಕ್ಕಳಿಗೆ ಓಟ ಕಲಿಸುವ ಜಯಂತ್ ಸರ್ ಅವನನ್ನು ನೋಡಿದ ಮೊದಲ ವಾರವೇ, "ಇವನನ್ನು ನನಗೆ ಬಿಡಿ" ಅಂದಿದ್ದರು. ಸಂಭಾಜಿನಗರದ ಹಾಸ್ಟೆಲಿಗೆ ಆಯ್ಕೆ ನಡೆದಾಗ ಮೊದಲ ಹೆಸರೇ ಅವನದು.

ಅವನಿಗಿಂತ ಮೂರು ವರ್ಷ ಚಿಕ್ಕವಳು ನಿಶ್ಮಿತಾ. ಸಂಕ್ರಾಂತಿ ಕಳೆದ ಮೇಲೆ ಹೆರಿಗೆ ಎಂದು ಡಾಕ್ಟರು ಹೇಳಿದ್ದರು. ಅವಳು ಡಿಸೆಂಬರ್ ಮುಗಿಯುವ ಮೊದಲೇ ಬಂದುಬಿಟ್ಟಳು. ಅಣ್ಣನ ಹಿಂದೆ ಅವಳನ್ನೂ ಜಯಂತ್ ಸರ್ ಹತ್ತಿರ ಬಿಟ್ಟಿದ್ದರು. ಅವಳ ವರ್ಷದ ಹುಡುಗಿಯರ ಸಾಲಿನಲ್ಲಿ ಎಲ್ಲರಿಗಿಂತ ಗಿಡ್ಡ ಅವಳೇ. ಯಾವಾಗ ನೋಡಿದರೂ ಕೊನೆಯಲ್ಲಿ ಬರುತ್ತಿದ್ದಳು. ಒಂದು ಮಳೆಗಾಲ ಕಳೆದ ಮೇಲೆ ಸರ್, "ಸ್ವಲ್ಪ ಬೆಳೆಯಲಿ, ಆಮೇಲೆ ಕರೆತನ್ನಿ" ಅಂದರು. ದೇವದಾಸ ಮನೆಗೆ ಬಂದು, "ಓಡ್ಲಿಕ್ಕೆ ಒಬ್ಬ ಇದ್ದಾನಲ್ಲ, ಸಾಕು. ಇವಳಲ್ಲಿ ಅದು ಇಲ್ಲ" ಅಂದಿದ್ದ. ಆಮೇಲೆ ಅವಳನ್ನು ಯಾರೂ ಕರೆದುಕೊಂಡು ಹೋಗಲಿಲ್ಲ.

ಶನಿವಾರ ಅನಸೂಯ ಗಂಡನಿಗೆ ಸುಳ್ಳು ಹೇಳಿ ಹೊರಟಳು. ಅಕ್ಕನ ಮಗಳ ಮದುವೆಗೆ ಯೇವಲಾದಲ್ಲಿ ಒಂದು ಪೈಠಣಿ ಸೀರೆ ನೋಡಿ ಬರುತ್ತೇನೆ ಅಂದಳು. ಬಸ್ಸು ಯೇವಲಾ ಮುಟ್ಟಿದಾಗ ರಸ್ತೆಯ ಎರಡೂ ಬದಿಯ ಸೀರೆ ಅಂಗಡಿಗಳು ಆಗಷ್ಟೇ ಬಾಗಿಲು ತೆರೆಯುತ್ತಿದ್ದವು. ಅವಳು ಇಳಿಯದೆ ಕಿಟಕಿಯ ಸರಳು ಹಿಡಿದು ಕೂತಿದ್ದಳು. ಅಂಗೈ ಬೆವರಿ ಸರಳಿನ ತುಕ್ಕು ಅಂಟಿಕೊಂಡಿತ್ತು. 'ಕೆಲವರನ್ನು' ಅಂದನಲ್ಲ, ಆ ಕೆಲವರಲ್ಲಿ ತಾನಿದ್ದೇನೆ ಎಂದು ಗೊತ್ತಿಲ್ಲದಿದ್ದರೆ ನನ್ನನ್ನು ಯಾಕೆ ಕರೆಯುತ್ತಿದ್ದ?

ಹಾಸ್ಟೆಲಿನ ಮೈದಾನಕ್ಕೆ ತಂತಿ ಬೇಲಿ. ಬೇಲಿಯ ಹೊರಗೆ ಬೇವಿನ ಮರದ ಕೆಳಗೆ ನಾಲ್ಕಾರು ಮಂದಿ ತಂದೆತಾಯಿಗಳು ನಿಂತಿದ್ದರು. ಒಬ್ಬರು ಅವಳನ್ನು ಗುರುತಿಸಿ ಹತ್ತಿರ ಬಂದರು. ಯತಿರಾಜನ ಕೋಣೆಯಲ್ಲೇ ಇರುವ ಶಿವಲಿಂಗನ ಅಪ್ಪ, ಮನ್ಮಥಪ್ಪ. ಬೀದರ್ ಕಡೆಯವರು, ವಾಳೂಜದ ಕಾರ್ಖಾನೆ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುತ್ತಾರೆ. ಅಂಗಿಯ ತೋಳಿನ ಮೇಲೆ ಒಣಗಿದ ಸಿಮೆಂಟು ಹಾಗೇ ಇತ್ತು.

"ನೀವೂ ಬಂದ್ರೇನ್ರಿ ಅಕ್ಕೋರೆ," ಅಂದರು. "ಮುಂಜಾನಿಂದ ಚಹಾ ಸುದ್ದಾ ಗಂಟಲಾಗ ಇಳಿವಲ್ದು ನೋಡ್ರಿ. ಎದಿ ಡಬಡಬ ಅಂತದ."

"ನಿಮ್ಮ ಹುಡುಗ ಈಗ ಚೆನ್ನಾಗಿ ಓಡ್ತಾನಂತೆ. ಯತಿ ಹೇಳ್ತಿದ್ದ."

"ಏನೋರಿ. ತಗೋಳೋ ಮುಂದ ಬ್ಯಾಡಂದಿದ್ರು. ಸಣ್ಣಾಂವ ಅದಾನ, ನಡಿ ಅಂದಿದ್ರು. ಒಬ್ಬ ಹುಡುಗ ಕಾಲ ಮುರ್ಕೊಂಡು ಬಿಟ್ಟು ಹೋದ, ಆ ಜಾಗಾಕ್ಕ ಇವನ್ನ ತಗೊಂಡ್ರು. ಈಗ ಏಕದಮ್ ಹಿಂಗ ಬೆಳದಾನ, ಪ್ಯಾಂಟ್ ಒಂದೂ ಬರವಲ್ದು." ನಗಲು ಹೋಗಿ ನಿಲ್ಲಿಸಿದರು. "ಖರೆ ಹೇಳ್ಬೇಕಂದ್ರ, ಇವತ್ತ ವಾಪಸ್ ಕಳಿಸಿದ್ರ ಅವನ ಮಾರಿ ಹ್ಯಾಂಗ ನೋಡ್ಲಿ ಅಂತ ರಾತ್ರಿ ನಿದ್ದಿನೇ ಹತ್ತಿಲ್ರಿ."

ತನಗೂ ಹಾಗೇ ಆಗಿದೆ ಎಂದು ಅನಸೂಯ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಅನ್ನಿಸಿತು.

ಇನ್ನೂರು ಮೀಟರ್ ಓಟ. ಹುಡುಗರು ದೂರದ ತಿರುವಿನಲ್ಲಿ ಬಾಗಿ ನಿಂತರು. ಅವಳು ಮಗನನ್ನು ಹುಡುಕಿದಳು. ಮೊದಲೆಲ್ಲ ಹುಡುಕುವ ಅಗತ್ಯವೇ ಇರಲಿಲ್ಲ. ಸಾಲಿನಲ್ಲಿ ಎತ್ತರಕ್ಕೆ ಕಾಣುವವನು ಅವನೇ. ಈಗ ಎಲ್ಲರ ತಲೆಗಳೂ ಒಂದೇ ಸಮ. ಕೊನೆಗೆ ಅವನ ನಿಲುವಿನಿಂದ ಗುರುತು ಹಿಡಿದಳು.

ಸೀಟಿ ಊದಿದರು. ತಿರುವು ದಾಟುವವರೆಗೆ ಯತಿರಾಜ್ ಮುಂದಿದ್ದ. ಅವಳು ಬೇಲಿಯ ತಂತಿ ಹಿಡಿದು ಉಸಿರು ಬಿಡದೆ ನಿಂತಳು. ನೇರ ದಾರಿಗೆ ಬಂದ ಮೇಲೆ ಅವನು ನಿಧಾನಿಸಲಿಲ್ಲ, ಎಡವಲಿಲ್ಲ. ಫೋಟೋದಲ್ಲಿದ್ದ ಹುಡುಗ ಓಡುತ್ತಿದ್ದ ಹಾಗೆಯೇ ಓಡಿದ. ಆದರೆ ಒಬ್ಬೊಬ್ಬರೇ ಅವನನ್ನು ದಾಟಿಹೋದರು. ಉದ್ದ ಕಾಲಿನ ಶಿವಲಿಂಗ, ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಗೆರೆ ದಾಟಿದ ಮೇಲೆ ಯತಿರಾಜ್ ಎಲ್ಲೂ ನೋಡದೆ ಮೊಣಕಾಲಿನ ಮೇಲೆ ಕೈಯಿಟ್ಟು ನೆಲ ನೋಡುತ್ತ ನಿಂತ.

ಮುಖ್ಯ ತರಬೇತುದಾರರು ಅವಳನ್ನು ಒಳಗೆ ಕರೆದು ಕೂರಿಸಿದರು. ಒರಟಾಗಿ ಮಾತಾಡಲಿಲ್ಲ. ಹುಡುಗ ಶ್ರದ್ಧೆಯವನು, ತಪ್ಪು ಅವನದಲ್ಲ ಎಂದು ಹಿಂದಿಯಲ್ಲಿ ಹೇಳಿದರು. ಎರಡು ವರ್ಷದ ಹಿಂದೆ ಎಷ್ಟು ವೇಗವಾಗಿ ಓಡುತ್ತಿದ್ದನೋ ಈಗಲೂ ಅಷ್ಟೇ. ಅವನು ಬೇಗ ಬೆಳೆದ, ಬೆಳೆದಾಯಿತು. ಉಳಿದವರು ಈಗ ಬೆಳೆಯುತ್ತಿದ್ದಾರೆ. ಬೇಕಾದರೆ ಇಂದೇ ಕರೆದುಕೊಂಡು ಹೋಗಬಹುದು ಅಂದರು. ಅನಸೂಯ "ಹಾಂ ಜೀ, ಹಾಂ ಜೀ" ಅನ್ನುತ್ತಲೇ ಇದ್ದಳು.

ಹೊರಗೆ ಬಂದಾಗ ಮನ್ಮಥಪ್ಪ ಅವಳ ಮುಖ ನೋಡಿ ಎಲ್ಲ ತಿಳಿದುಕೊಂಡರು. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ನಮ್ಮಾಂವ ಉಳದಾನ್ರಿ," ಎಂದು ತಗ್ಗಿದ ದನಿಯಲ್ಲಿ ಹೇಳಿದರು. "ಖರೆ ನಿಮ್ಮ ಮುಂದ ನಗಲಾಕ ಬರವಲ್ದು."

ಹಿಂದಿರುಗುವ ಬಸ್ಸಿನಲ್ಲಿ ಯತಿರಾಜ್ ಕಿಟಕಿಯ ಪಕ್ಕ ಕೂತ. ಟ್ರಂಕು ಕಾಲಿನ ನಡುವೆ. ಅವಳಿಗೆ ಅವನನ್ನು ಮುಟ್ಟಲೂ ಭಯ.

"ಅಮ್ಮಾ," ಅಂದ ವೈಜಾಪುರ ದಾಟಿದ ಮೇಲೆ. "ಹಾಸ್ಟೆಲಲ್ಲಿ ಬರ್ತ್‌ಡೇ ಇದ್ರೆ ಮೆಸ್‌ನವರು ಶೀರಾ ಮಾಡ್ತಾರೆ, ಗೊತ್ತುಂಟಲ್ಲ?"

"ಹೌದು, ಹೇಳಿದ್ದಿ."

"ಜನವರಿ ಫೆಬ್ರವರಿ ಬಂದ್ರೆ ನಮಗೆ ಶೀರಾ ತಿಂದು ತಿಂದು ಕಂಟಾಳಾ ಬರ್ತಿತ್ತು. ಇವತ್ತು ಇವನದ್ದು, ನಾಳೆ ಅವನದ್ದು. ಮಳೆ ಶುರುವಾದ ಮೇಲೆ ಕಮ್ಮಿ. ದಿವಾಳಿ ಆದ ಮೇಲೆ ಬಿಲ್ಕುಲ್ ಇಲ್ಲ. ಶಿವ್ಯಾನದ್ದು ಒಂದು ಬಿಟ್ರೆ. ಅವನು ಡಿಸೆಂಬರ್."

ಅವಳಿಗೆ ಅರ್ಥವಾಗಲಿಲ್ಲ. "ಅದಕ್ಕೆಂತ ಈಗ?"

"ಅರೇ, ನೋಡು. ಒಂದೇ ವರ್ಷದವರು ಅಂತ ನಮ್ಮನ್ನು ಒಟ್ಟಿಗೆ ಓಡಿಸಿದ್ರು. ಜನವರಿಯವನು ಡಿಸೆಂಬರಿನವನಿಗಿಂತ ಪೂರಾ ಒಂದು ವರ್ಷ ದೊಡ್ಡವನು. ಹದಿಮೂರರಲ್ಲಿ ಅದು ಎಷ್ಟು ಡಿಫರೆನ್ಸ್! ಮತ್ತೆ ನಾನು ಬೆಳೆದದ್ದೂ ಬೇಗ." ಅವನು ಕಿಟಕಿಯ ಕಡೆ ತಿರುಗಿಕೊಂಡ. "ನಾನು ತುಂಬಾ ಫಾಸ್ಟ್ ಅಂತ ಎಣಿಸಿದ್ದೆ ಅಮ್ಮಾ. ನಾನು ಬರೀ ದೊಡ್ಡವನಾಗಿದ್ದೆ."

ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಬಹಳ ದೂರ ಹೋದ ಮೇಲೆ ಅವನೇ ಕೇಳಿದ: "ನಿಶ್ಮಿ ಡಿಸೆಂಬರ್ ಅಲ್ವಾ?"

ಆ ಪ್ರಶ್ನೆ ಅವಳ ಎದೆಯೊಳಗೆ ಎಲ್ಲೋ ಹೋಗಿ ಬಿತ್ತು. ಇವಳಲ್ಲಿ ಅದು ಇಲ್ಲ ಎಂದು ಗಂಡ ಹೇಳಿದ್ದು, ತಾನು ಸುಮ್ಮನಿದ್ದದ್ದು, ಮಗಳು ಓಟದ ಶೂ ತೆಗೆದು ಮಂಚದ ಕೆಳಗೆ ಇಟ್ಟದ್ದು ಎಲ್ಲ ಒಟ್ಟಿಗೆ ನೆನಪಾಯಿತು.

ಸೀರೆಗೆಂದು ಹೋದವಳು ಮಗನನ್ನು ಕರೆದುಕೊಂಡು ಬಂದಾಗ ದೇವದಾಸ ಮೊದಲು ಅವಳ ಮೇಲೆ, ಆಮೇಲೆ ಹಾಸ್ಟೆಲಿನವರ ಮೇಲೆ, ಕೊನೆಗೆ ಜಯಂತ್ ಸರ್ ಮೇಲೆ ಕೂಗಾಡಿದ. ಬೇರೆ ಕಡೆ ಸೇರಿಸುತ್ತೇನೆ, ಪುಣೆಗೆ ಕಳಿಸುತ್ತೇನೆ ಅಂದ. ಯತಿರಾಜ್ ತಲೆ ತಗ್ಗಿಸಿ ಕೇಳಿ ಕೋಣೆಗೆ ಹೋದ. ಮರುದಿನದಿಂದ ಗಿರಾಕಿಗಳು ಕೇಳಿದರೆ ದೇವದಾಸ, "ಸುಟ್ಟೀವರ್ ಆಲಾಯ್" ಎಂದು ಹೇಳತೊಡಗಿದ. ರಜೆಯಲ್ಲಿ ಬಂದಿದ್ದಾನಂತೆ.

ಅನಸೂಯಗೆ ಗಿರಾಕಿಗಳ ಚಿಂತೆ ಇರಲಿಲ್ಲ. ಅವಳ ಭಯ ಬೇರೆ. ಮಗ ಊಟಕ್ಕೆ ಕರೆದರೆ ಆಮೇಲೆ ಅನ್ನುತ್ತಿದ್ದ. ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಅವಳು ಬಟ್ಟೆ ಮಡಚುವ ನೆಪದಲ್ಲಿ ಬಾಗಿಲ ಹೊರಗೆ ನಿಂತು, ಒಳಗೆ ಫ್ಯಾನಿನ ಸದ್ದಿನ ನಡುವೆ ಅವನು ಹೊರಳಾಡುವುದು ಕೇಳುತ್ತದೆಯೇ ಎಂದು ಕಿವಿಗೊಡುತ್ತಿದ್ದಳು. ಪೇಪರಿನಲ್ಲಿ ಓದಿದ ಸುದ್ದಿಗಳೆಲ್ಲ ನೆನಪಾಗುತ್ತಿದ್ದವು. ಚಿಲಕವನ್ನು ಬಿಚ್ಚಿಸಿಬಿಡಲೇ ಎಂದುಕೊಂಡು, ಅದಕ್ಕೆ ಅವನು ಏನೆಂದುಕೊಂಡಾನು ಎಂದು ಹೆದರಿ ಬಿಟ್ಟಳು.

ಒಂದು ಮಧ್ಯಾಹ್ನ ಅಪ್ಪನಿಗೆ ಜ್ವರವೆಂದು ಯತಿರಾಜನೇ ಗಲ್ಲಾದಲ್ಲಿ ಕೂತ. ಘೋಟಿಯಿಂದ ವಾರಕ್ಕೊಮ್ಮೆ ಅಕ್ಕಿ ತರುವ ವ್ಯಾಪಾರಿ ಫೋಟೋ ನೋಡಿ, ಅವನನ್ನು ನೋಡಿ, "ಏನಪ್ಪಾ ಚಾಂಪಿಯನ್, ರಜೆ ಮುಗಿಯಲಿಲ್ಲವಾ?" ಎಂದು ಮರಾಠಿಯಲ್ಲಿ ಕೇಳಿದರು. ಬಡಿಸುವ ಕಟ್ಟೆಯ ಹತ್ತಿರ ನಿಂತಿದ್ದ ಅನಸೂಯಳ ಕೈಯಲ್ಲಿ ಸೌಟು ಹಾಗೇ ನಿಂತಿತು.

"ರಜೆ ಅಲ್ಲ ಕಾಕಾ. ನನ್ನನ್ನು ಕೈಬಿಟ್ಟರು," ಅಂದ ಯತಿರಾಜ್. ಅಕ್ಕಿಯ ದುಡ್ಡು ಎಣಿಸಿ ಕೊಟ್ಟ. ವ್ಯಾಪಾರಿ ಅವನ ಕೈ ಹಿಡಿದು ಕುಲುಕಿ ಹೋದರು.

ಜ್ವರವಿದ್ದರೂ ಮನೆಯಲ್ಲಿ ಕೂರಲಾಗದೆ ಆಗಷ್ಟೇ ಹಿಂಬಾಗಿಲಿನಿಂದ ಬಂದಿದ್ದ ದೇವದಾಸನಿಗೂ ಅದು ಕೇಳಿತ್ತು. ಅವನು ಮುಂದೆ ಬರಲಿಲ್ಲ. ಅನಸೂಯ ಒಳಗೆ ಹೋಗಿ ನೋಡಿದಾಗ ಒಲೆಗೆ ಮುಖ ಮಾಡಿ ನಿಂತಿದ್ದ. "ಎಂತಕ್ಕೆ ಹಾಗೆ ಹೇಳಿದ ಅವನು?" ಅಂದ. "ನಾನು ಅವನ ಮರ್ಯಾದೆ ಉಳಿಸ್ಲಿಕ್ಕೆ ಅಲ್ವಾ ಸುಳ್ಳು ಹೇಳಿದ್ದು?"

"ಅವನದ್ದಾ, ನಿಮ್ಮದ್ದಾ?" ಎಂದು ಅವಳ ಬಾಯಿಂದ ಬಂದುಬಿಟ್ಟಿತು.

ಅದಾಗಿ ಸ್ವಲ್ಪ ದಿನಕ್ಕೆ ಬೆಳಗಿನ ಜಾವ ಅವಳು ಎದ್ದಾಗ ಯತಿರಾಜನ ಕೋಣೆಯ ಬಾಗಿಲು ತೆರೆದಿತ್ತು. ಹಾಸಿಗೆ ಖಾಲಿ. ಫೋನು ದಿಂಬಿನ ಮೇಲೆ. ಬಚ್ಚಲು, ಮಹಡಿ, ಗೇಟು ನೋಡಿದಳು. ಗಂಡನನ್ನು ಎಬ್ಬಿಸಲು ಹೆದರಿಕೆ. ಮಗಳನ್ನಾದರೂ ಕೇಳೋಣವೆಂದು ಹೋದರೆ ಅವಳ ಹಾಸಿಗೆಯೂ ಖಾಲಿ. ಅನಸೂಯ ಮೈಮೇಲಿದ್ದ ನೈಟಿಯ ಮೇಲೆ ಶಾಲು ಹೊದ್ದು ರಸ್ತೆಗೆ ಓಡಿದಳು. ರಿಕ್ಷಾದವನಿಗೆ ಮೊದಲು ಗೋದಾವರಿಯ ಘಾಟು ಅಂದಳು; ಯಾಕೆ ಹಾಗಂದೆನೆಂದು ತಾನೇ ಬೆಚ್ಚಿ, "ಬೇಡ, ಮೈದಾನ, ಮೈದಾನಕ್ಕೆ" ಅಂದಳು.

ಮೈದಾನದಲ್ಲಿ ಇಬ್ಬರೂ ಇದ್ದರು. ಯತಿರಾಜ್ ಗೆರೆಯ ಹತ್ತಿರ ಜಯಂತ್ ಸರ್ ಜೊತೆ ನಿಂತಿದ್ದ. ನಿಶ್ಮಿತಾ ಬೇರೆ ಮಕ್ಕಳ ಜೊತೆ ಬಾಗಿ ನಿಂತಿದ್ದಳು. ಅನಸೂಯ ಅಲ್ಲೇ ಕಲ್ಲಿನ ಮೆಟ್ಟಿಲ ಮೇಲೆ ಕೂತಳು. ಅಳು ಬಂತು, ಶಾಲಿನಲ್ಲಿ ಮುಖ ಮುಚ್ಚಿಕೊಂಡಳು.

ಮುಖ ಎತ್ತಿದಾಗ ಮಕ್ಕಳು ಓಡುತ್ತಿದ್ದರು. ನಿಶ್ಮಿತಾ ಎಲ್ಲರಿಗಿಂತ ಮುಂದಿದ್ದ ಹುಡುಗಿಯ ಬೆನ್ನಿಗೇ ಇದ್ದಳು. ಅವಳು ಹೀಗೆ ಓಡಿದ್ದನ್ನು ಅನಸೂಯ ಕಂಡೇ ಇರಲಿಲ್ಲ.

ಯತಿರಾಜ್ ಓಡಿಬಂದ. "ಅಮ್ಮಾ! ನೀನು ಹೇಗೆ ಬಂದಿ? ನಿಶ್ಮಿ ಚಿಟ್ ಇಟ್ಟು ಬರ್ತೇನೆ ಅಂದಿದ್ಳಲ್ಲ?"

"ಮರೆತೆ," ಅಂದಳು ಹಿಂದೆಯೇ ಬಂದ ನಿಶ್ಮಿತಾ, ಏದುಸಿರು ಬಿಡುತ್ತ. "ಸಾರಿ ಮಮ್ಮೀ. ನೋಡಿದಿಯಾ? ದುಸರೀ ಆಲೆ! ಸೆಕೆಂಡ್!"

"ಯಾರ ಜೊತೆ ಓಡಿಸಿದ್ದು ಗೊತ್ತುಂಟಾ?" ಅಂದ ಯತಿರಾಜ್. "ಮುಂದಿನ ವರ್ಷದಲ್ಲಿ ಹುಟ್ಟಿದವರ ಜೊತೆ. ಆ ಮುಂದೆ ಬಂದವಳು ಇವಳಿಗಿಂತ ಒಂದು ವಾರ ಸಣ್ಣವಳು. ಒಂದೇ ವಾರ! ಇವಳು ಸಂಕ್ರಾಂತಿಗೆ ಹುಟ್ಟಿದ್ರೆ ಇದೇ ಇವಳ ಗುಂಪು."

ಜಯಂತ್ ಸರ್ ಹತ್ತಿರ ಬಂದರು. "ವಹಿನಿ, ಇಷ್ಟು ವರ್ಷ ನಾನು ಮುಂದೆ ಯಾರು ಬಂದರು ಅಂತ ಮಾತ್ರ ನೋಡುತ್ತಿದ್ದೆ," ಅಂದರು. "ಹುಟ್ಟಿದ ತಿಂಗಳು ಕೇಳಬೇಕು ಅಂತ ಹೊಳೆಯಲೇ ಇಲ್ಲ. ಇನ್ನು ಎಷ್ಟು ಮಕ್ಕಳನ್ನು ಮನೆಗೆ ಕಳಿಸಿದ್ದೇನೋ." ಅವರು ಕಣ್ಣು ತಪ್ಪಿಸಿ ಮಕ್ಕಳ ಕಡೆ ನಡೆದರು.

ಬೇಸಿಗೆಯಲ್ಲಿ ಸಂಭಾಜಿನಗರದ ಹಾಸ್ಟೆಲಿಗೆ ನಿಶ್ಮಿತಾಳ ವರ್ಷದವರ ಆಯ್ಕೆ ಬಂತು. ಅಲ್ಲಿ ಸಣ್ಣವರ ಜೊತೆ ಓಡುವಂತಿಲ್ಲ. ಅವಳ ವರ್ಷದವರ ಜೊತೆಯೇ ಓಡಬೇಕು. ದೇವದಾಸ ಖಡಾಖಂಡಿತವಾಗಿ ಬೇಡವೆಂದ. "ಇನ್ನೊಂದು ಸಲ ಅದೆಲ್ಲ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ತಿ."

ಅನಸೂಯಗೂ ಅದೇ ಅನ್ನಿಸುತ್ತಿತ್ತು. ಆಯ್ಕೆಯಾಗದಿದ್ದರೆ ಎಂಬ ಹೆದರಿಕೆ ಒಂದು, ಆಯ್ಕೆಯಾಗಿಬಿಟ್ಟರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು. ಆದರೆ ನಿಶ್ಮಿತಾ ಅಪ್ಪನ ಮುಂದೆ ನಿಂತು, "ಪಪ್ಪಾ, ನನ್ನನ್ನು ನೀವು ಒಂದು ಸಲವೂ ನೋಡಿಲ್ಲ" ಅಂದಳು. ಕನ್ನಡ ತಡವರಿಸುವ ಹುಡುಗಿ. ಆ ವಾಕ್ಯವನ್ನು ಮೊದಲೇ ಜೋಡಿಸಿಟ್ಟುಕೊಂಡಿದ್ದಳೆಂದು ತೋರುತ್ತಿತ್ತು. ಭಾನುವಾರ ದೇವದಾಸ ಹೋಟೆಲು ಮುಚ್ಚಿ ಕಾರು ತೆಗೆದ.

ಅದೇ ಬೇಲಿ, ಅದೇ ಬೇವಿನ ಮರ. ದೇವದಾಸ ಕೂರಲೂ ಆಗದೆ ನಿಲ್ಲಲೂ ಆಗದೆ ಸುತ್ತುತ್ತಿದ್ದ. ಗೆರೆಯ ಮೇಲೆ ನಿಂತ ಹುಡುಗಿಯರಲ್ಲಿ ಕೆಲವರು ನಿಶ್ಮಿತಾಳ ಅಕ್ಕಂದಿರಂತೆ ಕಾಣುತ್ತಿದ್ದರು. ನಿಶ್ಮಿತಾ ಎಡಕ್ಕೆ ತಿರುಗಿ ಏನೋ ಕೇಳುತ್ತಿದ್ದಳು, ಬಲಕ್ಕೆ ತಿರುಗಿ ಏನೋ ಕೇಳುತ್ತಿದ್ದಳು. "ಈ ಹೊತ್ತಿಗೆ ಎಂತ ಮಾತು ಇವಳದ್ದು!" ಎಂದು ದೇವದಾಸ ಹಲ್ಲು ಕಡಿದ.

ಸೀಟಿ ಊದಿದರು. ಹುಡುಗಿಯರು ತಿರುವಿನಿಂದ ಒತ್ತಿಕೊಂಡು ಬಂದರು. ನಿಶ್ಮಿತಾ ಆರನೆಯವಳಾಗಿ ಬಂದಳು. ಆದರೆ ಅವಳಿಗೂ ಮುಂದಿದ್ದವಳಿಗೂ ನಡುವೆ ಒಂದು ಕೈ ಅಂತರವೂ ಇರಲಿಲ್ಲ.

ಸಂಜೆಯ ಮೊದಲು ಹೆಸರು ಕೂಗಿದರು. ಅವಳ ಹೆಸರು ಬರಲಿಲ್ಲ. ಅನಸೂಯ ಮಗಳ ಮುಖ ನೋಡಲು ಧೈರ್ಯ ಸಾಲದೆ ಗಂಡನ ಮುಖ ನೋಡಿದಳು. ಅವನು ಇನ್ನೂ ಹೆಸರು ಕೂಗಿದವರ ಕಡೆಯೇ ನೋಡುತ್ತಿದ್ದ. ಯತಿರಾಜ್ ತಂಗಿಯ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ.

ಕಾರಿನ ಹತ್ತಿರ ಬಂದ ಮೇಲೆ ನಿಶ್ಮಿತಾಳ ಕಣ್ಣಿಂದ ನೀರು ಇಳಿಯಿತು. ಅಂಗಿಯ ತೋಳಿನಿಂದ ಒರೆಸಿಕೊಂಡು, ಸಿಟ್ಟಿನಲ್ಲಿ ಎಂಬಂತೆ ಹೇಳಿದಳು: "ನಾನು ಸಬ್‌ಕೋ ಕೇಳಿದೆ. ಫಸ್ಟ್ ಬಂದವಳು ಜನವರಿ. ಸೆಕೆಂಡ್ ಜನವರಿ. ಆ ಎತ್ತರದವಳು ಮಾರ್ಚ್. ನನ್ನ ಮುಂದೆ ಇದ್ದವಳು ಫೆಬ್ರವರಿ. ಡಿಸೆಂಬರ್ ನಾನು ಒಬ್ಳೇ. ಒಬ್ಳೇ ಪಪ್ಪಾ! ಮತ್ತೂ ಎಷ್ಟು ಹತ್ತಿರ ಇದ್ದೆ, ನೋಡಿದಿರಾ?"

ದೇವದಾಸ ಕಾರಿನ ಬಾಗಿಲು ಹಿಡಿದು ನಿಂತಿದ್ದ. "ನೋಡಿದೆ," ಅಂದ. "ನೋಡಿದೆ ಮಗಾ."

"ಹದಿನಾರಕ್ಕೆ ಇನ್ನೊಂದು ಸಲ ತಗೊಳ್ತಾರೆ," ಅಂದ ಯತಿರಾಜ್. "ಅಲ್ಲಿವರೆಗೆ ಬಿಡ್ದೇ ಇದ್ರೆ ಆಯ್ತು."

ದೇವದಾಸ ಅವನ ಕಡೆ ತಿರುಗಿ, ತುಂಬ ಹೊತ್ತಿನಿಂದ ಕೇಳಬೇಕೆಂದಿದ್ದವನಂತೆ, "ಮತ್ತೆ ನೀನು?" ಅಂದ.

"ನಾನಾ?" ಯತಿರಾಜ್ ಚೀಲವನ್ನು ಡಿಕ್ಕಿಯಲ್ಲಿ ಇಟ್ಟ. "ಜಯಂತ್ ಸರ್ ನಾನೂರು ಮೀಟರ್ ಟ್ರೈ ಮಾಡು ಅಂದಿದ್ದಾರೆ. ಆಗ್ಲೂಬಹುದು, ಆಗ್ದೆ ಇರ್ಲೂಬಹುದು. ಬೆಳಿಗ್ಗೆ ಸಣ್ಣ ಮಕ್ಕಳನ್ನು ನೋಡಿಕೊ ಅಂತಲೂ ಹೇಳಿದ್ದಾರೆ. ಅದು ನನಗೆ ಇಷ್ಟ."

ಮರುದಿನ ಸೋಮವಾರ. ಅನಸೂಯ ಎದ್ದು ಮಕ್ಕಳನ್ನು ಎಬ್ಬಿಸಲೋ ಬೇಡವೋ ಎಂದು ಯೋಚಿಸುತ್ತ ಅಡುಗೆಮನೆಯಲ್ಲಿ ನಿಂತಿದ್ದಳು. ಸೋತ ಮರುದಿನ ಮಲಗಲಿ ಅನ್ನಿಸಿತು. ಮಲಗಿಯೇ ಬಿಟ್ಟರೆ ಎಂದೂ ಹೆದರಿಕೆಯಾಯಿತು. ಅಷ್ಟರಲ್ಲಿ ಪಡಸಾಲೆಯಲ್ಲಿ ಇಬ್ಬರೂ ಮರಾಠಿಯಲ್ಲಿ ಜಗಳವಾಡುವುದು ಕೇಳಿಸಿತು. ಒಬ್ಬರ ಸಾಕ್ಸು ಇನ್ನೊಬ್ಬರು ಹಾಕಿಕೊಂಡಿದ್ದರಂತೆ. ಅವರ ಗಲಾಟೆಗೆ ದೇವದಾಸ ಎದ್ದು ಬಂದು, ಕಣ್ಣುಜ್ಜಿಕೊಳ್ಳುತ್ತ, "ತಡೀರಿ, ನಾನೂ ಬರ್ತೇನೆ" ಅಂದ.

ಗೇಟಿನವರೆಗೆ ಹೋಗಿ ಅನಸೂಯ ಮೂವರೂ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿದಳು. ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಹದಿನಾರಕ್ಕೆ ಇನ್ನೂ ಬಹಳ ದಿನವಿತ್ತು, ನಾನೂರು ಮೀಟರ್ ಹೇಗೋ ಏನೋ. ಅವಳು ಒಳಗೆ ಬಂದು ಮೂವರಿಗೂ ಎಂದು ಹಾಲು ಕಾಯಲು ಇಟ್ಟಳು.